ಕಾಯುವ ಗುಂಪು

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಆದರೂ ತೊಡೆಯ ಮೇಲಿನ ನೀಲಿ ಐಸ್ ಡಬ್ಬಿಯಿಂದಾಗಿ ಸ್ನೇಹಾಗೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಕೆಳಗಿಟ್ಟರೆ ಯಾರಾದರೂ ಕಾಲು ತಾಗಿಸಿಯಾರು, ಮೇಲಿನ ಕಂಬಿಗಳ ಮೇಲಿಟ್ಟರೆ ಬಿದ್ದೀತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಡಬ್ಬಿಯನ್ನು ಎರಡು ಮೂರು ಸಲ ನೋಡಿ, ಸೆರಗನ್ನು ಮೂಗಿನವರೆಗೆ ತಂದುಕೊಂಡು, "ಮೀನಾ ಏನ್ರಿ?" ಎಂದಳು. "ಅಲ್ರಿ, ಔಷಧಿ," ಎಂದಳು ಸ್ನೇಹಾ. ಹೆಂಗಸು ಸೆರಗು ಇಳಿಸಿ ನಾಚಿಕೊಂಡು ನಕ್ಕಳು, ಆಮೇಲೆ ತುಸು ಸರಿದು ಮರ್ಯಾದೆಯಿಂದ ಜಾಗ ಮಾಡಿಕೊಟ್ಟಳು. ಆ ಜಾಗವನ್ನು ತುಂಬಿ ಕೂರಲು ಸ್ನೇಹಾಗೆ ಮುಜುಗರವಾಯಿತು. ಡಬ್ಬಿಯಲ್ಲಿ ಒಂದೇ ಒಂದು ಮಾತ್ರೆ ಕೂಡ ಇರಲಿಲ್ಲ. ಐಸ್ ಪ್ಯಾಕುಗಳ ನಡುವೆ ಬೆರಳಿನಷ್ಟುದ್ದದ ಖಾಲಿ ಟ್ಯೂಬುಗಳಿದ್ದವು, ಅವುಗಳ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಸಣ್ಣ ಪಟ್ಟಿಗಳು. ರೋಗಿಯ ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಆ ಪಟ್ಟಿಯನ್ನು ಇಳಿಸಿ, ಅಲ್ಲಿ ಒಸರುವ ನೀರನ್ನು ಹೀರಿಸಿ, ಟ್ಯೂಬಿಗೆ ಹಾಕಿ, ಐಸಿನಲ್ಲಿಟ್ಟು ಸಂಜೆಯೊಳಗೆ ಕಾಲೇಜಿನ ಫ್ರೀಜರಿಗೆ ತಲುಪಿಸಬೇಕು. ಇಷ್ಟಕ್ಕಾಗಿ ಅವಳು ಭಾನುವಳ್ಳಿಗೆ ಹೊರಟಿದ್ದಳು. ಅಲ್ಲಿನ ರೋಗಿ ಸುಂಕಲಮ್ಮನ ಫೋನು ಕೆಲವು ದಿನಗಳಿಂದ ಸ್ವಿಚ್ ಆಫ್ ಆಗಿತ್ತು.

ಬಸ್ಸು ಹಳೇ ದಾವಣಗೆರೆ ದಾಟುವಾಗ ಮಂಡಕ್ಕಿ ಭಟ್ಟಿಗಳ ಹೊಗೆ ಕಿಟಕಿಯೊಳಗೆ ನುಗ್ಗಿ ಗಂಟಲು ಕೆರೆಯಿತು. ಕೆಮ್ಮು ಬಂದಾಗ ಬಾಯಿಗೆ ಅಡ್ಡ ಹಿಡಿದ ಕೈಯನ್ನು ಸ್ನೇಹಾ ಹಾಗೇ ಬಿಟ್ಟಳು. ಸೋಮವಾರ ವಿಭಾಗದಲ್ಲಿ ಎಲ್ಲರೂ ಇದ್ದಾಗ ಅವಳ ಗೈಡ್ ಬಕ್ಕೇಶ್ ಸರ್ ಅವಳ ಕಡೆ ತಿರುಗಿ, "ನೋಡಮ್ಮ ಸ್ನೇಹಾ, ಎಲ್ಲರ ಪೇಷಂಟ್ಸೂ ಫಾಲೋ ಅಪ್‌ಗೆ ಬರ್ತಾರೆ. ನಿನ್ನ ಪೇಷಂಟ್ಸ್ ಮಾತ್ರ ಓಡಿಹೋಗ್ತಾರಲ್ಲ, ನಿನ್ನ ಮುಖ ನೋಡಿ ಓಡ್ತಾರಾ, ಬಿಲ್ ನೋಡಿ ಓಡ್ತಾರಾ? ಬಿಲ್ ಅಂತೂ ಫ್ರೀ ಮಾಡಿದೀವಿ," ಎಂದಿದ್ದರು. ಜೂನಿಯರ್‌ಗಳು ನಕ್ಕರು. ಅವರು ನಕ್ಕದ್ದು ಅವಳಿಗೆ ಅಷ್ಟು ನೆನಪಿರಲಿಲ್ಲ. ಅವರ ಜೊತೆ ತಾನೂ ನಕ್ಕದ್ದು ನೆನಪಿತ್ತು. ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ ನಕ್ಕಿದ್ದಳು, ಹಲ್ಲು ಕಾಣುವ ಹಾಗೆ. "ಆ ಭಾನುವಳ್ಳಿ ಕೇಸು ಹೋದ್ರೆ ನಿನ್ನ ಥೀಸಿಸ್ ಹೋದ ಹಾಗೆ. ಅವಳು ಬರದಿದ್ರೆ ನೀನು ಹೋಗು. ಅಲ್ಲೇ ಸ್ಯಾಂಪಲ್ ತಗೊಂಡು ಬಾ," ಎಂದು ಅವರು ಎದ್ದು ಹೋಗಿದ್ದರು. ವಸಡಿನ ರೋಗದ ವಿಭಾಗದಲ್ಲಿ ಅವಳದು ಕೊನೆಯ ವರ್ಷ. ಅವಳ ಸಂಶೋಧನೆಗೆ ರೋಗಿಗಳ ಎರಡು ಗುಂಪು ಬೇಕಿತ್ತು. ಒಂದು ಗುಂಪಿಗೆ ಬಂದ ಕೂಡಲೇ ವಸಡಿನ ಒಳಗಿನ ಕೊಳೆಯನ್ನೆಲ್ಲ ಕೆರೆದು ತೆಗೆದು ಚಿಕಿತ್ಸೆ ಕೊಡುವುದು. ಇನ್ನೊಂದು ಗುಂಪಿಗೆ ಆರು ತಿಂಗಳು ಏನೂ ಮಾಡದೆ ಬಿಟ್ಟು, ಮೊದಲು ಒಂದು ಸಲ, ಕೊನೆಗೆ ಒಂದು ಸಲ ಆ ಒಸರುವ ನೀರನ್ನು ಪರೀಕ್ಷೆ ಮಾಡುವುದು. ಚಿಕಿತ್ಸೆ ಆಮೇಲೆ. ಕಾಗದದಲ್ಲಿ ಅದಕ್ಕೆ ಇಂಗ್ಲಿಷಿನ ಉದ್ದ ಹೆಸರಿತ್ತು. ರೋಗಿಗಳಿಗೆ ಹೇಳುವಾಗ ಸ್ನೇಹಾ 'ಕಾಯುವ ಗುಂಪು' ಎನ್ನುತ್ತಿದ್ದಳು. ಆಸ್ಪತ್ರೆ ಅಂದ ಮೇಲೆ ಕಾಯುವುದು ಇದ್ದದ್ದೇ ಎಂದು ಅವರು ಒಪ್ಪುತ್ತಿದ್ದರು.

ಸುಂಕಲಮ್ಮ ಬಂದದ್ದು ಉಗಾದಿಗೆ ಸ್ವಲ್ಪ ಮೊದಲು. ಹರಿಹರದಲ್ಲಿ ನಡೆದ ದಂತ ಶಿಬಿರದಲ್ಲಿ ಅವಳ ಬಾಯಿ ನೋಡಿದವರು ಕಾಲೇಜಿಗೆ ಬರಹೇಳಿದ್ದರು. ನಲವತ್ತೈದರ ಆಸುಪಾಸಿನ, ಗಟ್ಟಿ ಮೈಯ ಹೆಂಗಸು. ಭತ್ತದ ನಾಟಿ, ಕಳೆ, ಕೊಯ್ಲು ಅಂತ ಕೂಲಿಗೆ ಹೋಗುವವಳು. ವಿಭಾಗದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದವಳು ಆ ದೊಡ್ಡ ಕುರ್ಚಿಯ ಅಂಚಿಗೆ ಓರೆಯಾಗಿ, ಯಾರೋ ಎಬ್ಬಿಸಿಬಿಡುತ್ತಾರೇನೋ ಎಂಬಂತೆ ಕೂತಿದ್ದಳು. ಮಾತಾಡುವಾಗಲೆಲ್ಲ ಕೈ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತಿತ್ತು. ಸ್ನೇಹಾ ಅಳತೆಯ ಕಡ್ಡಿಯನ್ನು ಹಲ್ಲಿನ ಪಕ್ಕ ಇಟ್ಟಳೋ ಇಲ್ಲವೋ, ಅದು ವಸಡಿನೊಳಗೆ ಇಳಿಯುತ್ತ ಹೋಯಿತು, ತಡೆಯೇ ಇಲ್ಲದೆ, ನೆನೆದ ಗೋಡೆಯಲ್ಲಿ ಮೊಳೆ ಇಳಿದ ಹಾಗೆ. ಎಕ್ಸ್‌ರೇಯಲ್ಲಿ ಹಲ್ಲುಗಳು ಬುಡದವರೆಗೂ ಬೆತ್ತಲೆಯಾಗಿ ನಿಂತಿದ್ದವು. "ಎಲೆ ಅಡಿಕೆ ಹಾಕ್ತೀರಾ? ತಂಬಾಕು, ಕಡ್ಡಿಪುಡಿ?" "ಇಲ್ರಮ್ಮ. ನಮ್ಮತ್ತಿ ಹಾಕ್ತಿದ್ಲು. ನನಗೆ ಆ ವಾಸನಿ ಆಗಂಗಿಲ್ಲ." ಸಕ್ಕರೆ ಕಾಯಿಲೆಯೂ ಇರಲಿಲ್ಲ. ಬಕ್ಕೇಶ್ ಸರ್ ರಿಪೋರ್ಟು ನೋಡಿ ಹಿಗ್ಗಿದ್ದರು. "ಎಂಥ ಕ್ಲೀನ್ ಕೇಸಮ್ಮ! ಬೇರೆ ಯಾವ ಕಾರಣಾನೂ ಇಲ್ಲ. ಬರೀ ಬ್ಯಾಕ್ಟೀರಿಯಾ, ಅದರ ಮೇಲೆ ಬಾಡಿಯ ಸಿಟ್ಟು. ಇಂಥವರು ಸಿಗಲ್ಲ." ಯಾವ ಗುಂಪು ಎನ್ನುವುದಕ್ಕೆ ಚೀಟಿ ಎತ್ತುವುದು ನಿಯಮ. ಎತ್ತಿದರು. ಕಾಯುವ ಗುಂಪು ಬಂತು.

"ಇದು ಯಾಕ ಹಿಂಗಾಗೇತ್ರಿ? ಹುಳ ಹತ್ತೇತಾ?" ಎಂದು ಕೇಳಿದ್ದಳು ಸುಂಕಲಮ್ಮ.

"ಹುಳ ಅಲ್ಲ. ಕಣ್ಣಿಗೆ ಕಾಣದ ಕ್ರಿಮಿ. ಎಲ್ಲರ ಬಾಯಲ್ಲೂ ಇರ್ತಾವೆ. ಅವು ವಸಡಿನ ಸಂದಿಯಲ್ಲಿ ಸೇರ್ಕೊಂಡಾಗ ಅವನ್ನ ಹೊಡಿಯಾಕೆ ನಿಮ್ಮ ರಕ್ತದಿಂದ ಬಿಳಿ ಕಣ ಬರ್ತಾವೆ. ಬಂದು, ಇನ್ನೂ ಬರ್ರಿ ಅಂತ ಬೇರೆಯವನ್ನ ಕರೀತಾವೆ. ಕ್ರಿಮಿ ಅಲ್ಲಿಂದ ಹೋಗಲ್ಲ, ಇವು ಬಿಡಲ್ಲ. ಆ ಹೊಡೆದಾಟದಲ್ಲಿ ಹಲ್ಲು ಹಿಡ್ಕೊಂಡಿರೋ ಮೂಳೆ ಕರಗ್ತಾ ಹೋಗತ್ತೆ."

ಸುಂಕಲಮ್ಮ ಸ್ವಲ್ಪ ಹೊತ್ತು ಅದನ್ನು ಯೋಚಿಸಿದಳು. "ಅಂದ್ರ ಕ್ರಿಮಿ ಮೂಳೆ ತಿನ್ನಂಗಿಲ್ಲ. ನನ್ನ ಮೈಯೇ ತಿಂತೈತೆ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವಿಭಾಗದ ಗೋಡೆಯ ಮೇಲಿದ್ದ ಬಣ್ಣದ ಚಿತ್ರಗಳಲ್ಲಿ ಇದನ್ನೇ ಹೇಳಲು ಬಾಣದ ಗುರುತುಗಳೂ ಅಕ್ಷರಗಳೂ ಕಿಕ್ಕಿರಿದಿದ್ದವು. ಸ್ನೇಹಾ ಆ ಮಾತನ್ನು ಹಾಸ್ಟೆಲಿನಲ್ಲಿರುವ ಗೆಳತಿಯರಿಗೆ ಹೇಳಿ ನಗಿಸಿದ್ದಳು. ಈಗ ದೊಡ್ಡಬಾತಿಯ ಕೆರೆ ಕಿಟಕಿಯಲ್ಲಿ ಹಾದುಹೋಗುವಾಗ, ಆ ನಗೆಯನ್ನು ಯಾಕೆ ಹಂಚಿದೆನೋ ಎಂದು ಅವಳಿಗೆ ಅನ್ನಿಸಿತು.

ಅದೇ ಉಗಾದಿಯ ದಿನ ವಿದ್ಯಾನಗರದ ಸ್ನೇಹಾಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಜ್ಜಿ ದ್ರಾಕ್ಷಾಯಣಮ್ಮ ಕಚ್ಚಿ ಇಟ್ಟ ಹೋಳಿಗೆಯ ಅಂಚಿನಲ್ಲಿ ಕೆಂಪು ಗೆರೆ ಕಂಡಿತ್ತು. ಅಜ್ಜಿ ಅದನ್ನು ತುಪ್ಪದಲ್ಲಿ ಒತ್ತಿ ಮುಚ್ಚಲು ನೋಡಿದಳು. ಸ್ನೇಹಾ ನೋಡಿಬಿಟ್ಟಿದ್ದಳು. ಹಬ್ಬ ಮುಗಿದ ಮರುದಿನವೇ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ನಾಲ್ಕಾರು ಸಲ ಕೂರಿಸಿ, ತಾನೇ ಕೈಯಾರೆ ಎಲ್ಲವನ್ನೂ ಶುದ್ಧ ಮಾಡಿದಳು. ಮನೆಯವರನ್ನು ಸಂಶೋಧನೆಗೆ ಸೇರಿಸುವ ಹಾಗಿರಲಿಲ್ಲ. ಸೇರಿಸಬಹುದಿದ್ದರೂ ಅಜ್ಜಿಯ ಹೆಸರಿಗೆ ಚೀಟಿ ಎತ್ತಲು ಅವಳ ಕೈ ಏಳುತ್ತಿತ್ತೇ? ಈಗ ಅಜ್ಜಿ ಸಂಜೆ ಹೊತ್ತು ಹುರಿಗಡಲೆ ಕಟಕಟ ಅಗಿಯುತ್ತ, "ನಮ್ಮ ಪುಟ್ಟಿ ಕೈಗುಣ," ಎಂದು ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಸ್ನೇಹಾ ಯಾವುದೋ ನೆಪ ಮಾಡಿ ಒಳಗೆ ಎದ್ದು ಹೋಗುತ್ತಿದ್ದಳು.

ಸುಂಕಲಮ್ಮನ ಸಹಿ ಹಾಕಿಸಿಕೊಳ್ಳುವ ದಿನ ಸ್ನೇಹಾ ಹೇಳಬೇಕಾದ ಮಾತು ಎರಡಿದ್ದವು. ಒಂದು, ನಾನು ಕರೆಯುವ ತನಕ ಬೇರೆ ಯಾರ ಹತ್ತಿರವೂ ಹಲ್ಲಿಗೆ ಕೈ ಹಾಕಿಸಿಕೊಳ್ಳಬೇಡಿ ಎನ್ನುವುದು. ಇನ್ನೊಂದು, ನಡುವೆ ನೋವೋ ಬಾವೋ ಬಂದರೆ ಕಾಯಬೇಡಿ, ಅವತ್ತೇ ಬನ್ನಿ, ಚಿಕಿತ್ಸೆ ಕೊಡುತ್ತೇವೆ ಎನ್ನುವುದು. ಎರಡನೆಯದನ್ನು ಹೇಳಿದ್ದರಿಂದಲೇ ಅಷ್ಟರಲ್ಲಿ ಅದೇ ಗುಂಪಿನ ಬೇರೆ ಮೂವರೋ ನಾಲ್ವರೋ ಸಣ್ಣ ನೋವಿಗೆಲ್ಲ ಓಡಿಬಂದು, ಚಿಕಿತ್ಸೆ ಪಡೆದು, ಲೆಕ್ಕದಿಂದ ಹೊರಗೆ ಹೋಗಿದ್ದರು. ಸುಂಕಲಮ್ಮ ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯುತ್ತಿದ್ದಳು. 'ಮ'ಕ್ಕೆ ಒತ್ತು ಕೊಡುವಾಗ ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ಆ ನಾಲಿಗೆಯನ್ನೇ ನೋಡುತ್ತ ಸ್ನೇಹಾ ಮೊದಲನೆಯ ಮಾತನ್ನು ಎರಡು ಸಲ ಹೇಳಿದಳು. ಎರಡನೆಯದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಕರೆದರು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಯಾರೂ ಕರೆದಿರಲಿಲ್ಲ. ಆಷಾಢದಲ್ಲಿ ಒಂದು ಮಧ್ಯಾಹ್ನ ಸುಂಕಲಮ್ಮನ ಫೋನು ಬಂತು. "ಡಾಕ್ಟ್ರಮ್ಮ, ಬಲಗಡೆ ಭಾಳ ಜಗ್ತೈತ್ರಿ. ರೊಟ್ಟಿ ಮುರಿಯಾಕೆ ಆಗವಲ್ದು." "ಉಪ್ಪುನೀರು ಮುಕ್ಕಳಿಸ್ರಿ. ಇನ್ನು ಸ್ವಲ್ಪ ದಿನ ಅಷ್ಟೇ, ನಾನೇ ಕರೀತೀನಿ." "ಆತ್ರಿ. ನೀವು ಹೇಳಿದ್ರ ಆತು," ಎಂದು ಅವಳು ಫೋನಿಟ್ಟಿದ್ದಳು. ಆ 'ಆತು' ಎನ್ನುವಾಗಿನ ನೆಮ್ಮದಿ ಸ್ನೇಹಾಳ ಕಿವಿಯಲ್ಲಿ ದಿನವಿಡೀ ಇತ್ತು.

ಹರಿಹರದಲ್ಲಿ ಇಳಿದು ಭಾನುವಳ್ಳಿಯ ಬಸ್ಸು ಹಿಡಿದಳು. ನಾಲೆಗೆ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಕಡೆ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿ ಭತ್ತ ನಾಟಿ ಮಾಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಅವರಲ್ಲಿ ಒಬ್ಬಳು ಸುಂಕಲಮ್ಮ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ಕೆಲಸಕ್ಕೆ ಹೋಗಿದ್ದಾಳೆ, ಫೋನು ಕೆಟ್ಟಿದೆ, ಅಷ್ಟೇ ಎಂದಾಗಿದ್ದರೆ. ಊರಿನ ಅಂಗಡಿಯೊಂದರಲ್ಲಿ ಕೇಳಿ ಮನೆ ಪತ್ತೆ ಮಾಡಿದಳು. ಹೆಂಚಿನ ಮನೆ, ಮುಂದೆ ಬೈಕು. ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ ಹುಡುಗ, ಇಪ್ಪತ್ತೈದು ವರ್ಷದವನಿರಬೇಕು, ಡಬ್ಬಿಯನ್ನೂ ಅವಳನ್ನೂ ನೋಡಿ ಎದ್ದು ನಿಂತ.

"ಸುಂಕಲಮ್ಮ ಅವರ ಮನೆ?"

"ನೀವೇನಾ ಆ ಡಾಕ್ಟ್ರು?" ಎಂದ. ಅವನು ಮಗ ಮಾರುತಿ. ಒಳಗೆ ಬನ್ನಿ ಎನ್ನಲಿಲ್ಲ. "ಎಂಟು ದಿನ ಆತು ನಮ್ಮವ್ವ ಅನ್ನ ಉಂಡು. ಹರಿಹರಕ್ಕೆ ಹೋಗಾನ ಬಾ, ಕಿತ್ತಿಸಿಬಿಡಾನ ಅಂದ್ರ ಕೇಳವಲ್ಲಳು. ಡಾಕ್ಟ್ರಮ್ಮ ಯಾರ ಕೈಲೂ ಮುಟ್ಟಿಸಬ್ಯಾಡ ಅಂದಾರ, ಅವರು ಕರೀತಾರ ಅಂತಾಳ. ನಾಕೈದು ದಿನದ ಹಿಂದ ನಾನು ಬೈದೆ. ನಿಮ್ಮನ್ನೂ ಬೈದೆ. ಅದಕ್ಕೆ ಫೋನು ಕಿತ್ತು ಒಗೆದಾಳ, ನನ್ನ ಜೊತಿ ಮಾತು ಬಿಟ್ಟಾಳ."

ಒಳಗಿನಿಂದ, "ಯಾರೋ ಅದು?" ಎಂದು ಕೇಳಿತು. ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದಂಥ ದನಿ.

ನಡುಮನೆಯ ಚಾಪೆಯ ಮೇಲೆ ಸುಂಕಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗಡೆಯ ಕೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಏರಿತ್ತು. ಚರ್ಮ ಬಿಗಿದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಸ್ನೇಹಾಳನ್ನು ಕಂಡ ಕೂಡಲೇ ಸೆರಗಿನಿಂದ ಆ ಕೆನ್ನೆಯನ್ನು ಮುಚ್ಚಿಕೊಂಡು ಏಳಲು ನೋಡಿದಳು. "ಯವ್ವಾ, ಡಾಕ್ಟ್ರಮ್ಮ! ನೀವೇ ಬಂದ್ರಾ? ಏ ಮಾರುತಿ, ಕುರ್ಚಿ ತಗಂಬಾರೋ. ನೋಡಿದೇನಪ್ಪ, ಮನಿಗೇ ಬಂದಾರ. ಏನೇನಂದಿ ನೀನು ಅವರಿಗೆ?" ಗೆದ್ದವಳ ದನಿ ಅದು. ನೋವಿನ ನಡುವೆಯೂ ಅವಳ ಒಂದು ಕಣ್ಣಿನಲ್ಲಿ ಹೊಳಪು ಕಂಡಿತು. ಮಾರುತಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ತಲೆ ತಗ್ಗಿಸಿ ನಿಂತ. ಸ್ನೇಹಾ ಕುರ್ಚಿಯಲ್ಲಿ ಕೂರದೆ ಚಾಪೆಯ ಮೇಲೆ ಮಂಡಿಯೂರಿದಳು. ಮೈ ಮುಟ್ಟಿ ನೋಡಿದರೆ ಸುಡುತ್ತಿತ್ತು. ಅವಳ ಕಲಿಕೆ ತನ್ನಷ್ಟಕ್ಕೆ ಎಚ್ಚರಗೊಂಡು ಕೆಲಸ ಮಾಡತೊಡಗಿತು: ಬಲಗಡೆ ಮೇಲಿನ ದವಡೆ ಹಲ್ಲಿನ ಬುಡದಲ್ಲಿ ಕೀವು, ಜ್ವರ, ನುಂಗಲು ತೊಂದರೆ ಇಲ್ಲ, ಉಸಿರಾಟ ಸರಿಯಿದೆ, ಇವತ್ತೇ ಮಾತ್ರೆ ಶುರುವಾಗಬೇಕು, ನಾಳೆ ಕೀವು ತೆಗೆಯಬೇಕು. ಚೀಟಿಯ ಮೇಲೆ ಮಾತ್ರೆಗಳ ಹೆಸರು ಬರೆದು ಮಾರುತಿಯ ಕೈಗೆ ಕೊಟ್ಟು, "ಜಲ್ದಿ ತಗೊಂಡು ಬರ್ರಿ, ಇಲ್ಲಿ ಸಿಗದಿದ್ರೆ ಹರಿಹರಕ್ಕೆ ಹೋಗ್ರಿ," ಎಂದಳು. ಅವನು ಬೈಕು ಹತ್ತಿ ಹೋದ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಆಗ ಮನೆಯಲ್ಲಿ ಅವರಿಬ್ಬರೇ ಉಳಿದರು. ಮೂಲೆಯಲ್ಲಿ ನೀಲಿ ಡಬ್ಬಿ ಇತ್ತು. ಮಾತ್ರೆ ಮೈಯೊಳಗೆ ಹೋದ ಮೇಲೆ ತೆಗೆದ ಸ್ಯಾಂಪಲ್ ಉಪಯೋಗಕ್ಕೆ ಬರುವುದಿಲ್ಲ. ಬಾವು ಬಂದ ಹಲ್ಲಿನ ಹತ್ತಿರ ತೆಗೆದದ್ದೂ ಬರುವುದಿಲ್ಲ. ಆದರೆ ಎಡಗಡೆ ಇದೆ, ಮುಂದಿನ ಹಲ್ಲುಗಳಿವೆ. ಮಾರುತಿ ಬರುವ ಮೊದಲು ಮಾಡಿ ಮುಗಿಸಬಹುದು. ಹೀಗೆಲ್ಲ ತಾನು ಯೋಚಿಸುತ್ತಿದ್ದೇನೆ ಎಂದು ಸ್ನೇಹಾಗೆ ಗೊತ್ತಿತ್ತು. ಯೋಚನೆಯನ್ನು ನಿಲ್ಲಿಸುವ ಯಾವುದಾದರೂ ಒಂದು ಭಾವನೆ ಎದೆಯಲ್ಲಿ ಏಳಲಿ ಎಂದು ಒಂದೆರಡು ಉಸಿರಿನಷ್ಟು ಹೊತ್ತು ಕಾದಳು. ಎದ್ದದ್ದು ಬಕ್ಕೇಶ್ ಸರ್ ಮುಖ, ನಗುವ ಜೂನಿಯರ್‌ಗಳು, ಚೌಕಿಪೇಟೆಯ ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕೂತು ಗಿರಾಕಿಗಳಿಗೆಲ್ಲ, "ನಮ್ಮ ಮಗಳದು ಈ ವರ್ಷ ಮುಗೀತದೆ," ಎನ್ನುವ ಅಪ್ಪ. ಸ್ನೇಹಾ ಬಾಯಿಬಿಡುವ ಮುಂಚೆಯೇ ಸುಂಕಲಮ್ಮ ಡಬ್ಬಿಯತ್ತ ನೋಡಿ, "ಅವತ್ತಿನಂಗ ಕಾಗದ ಇಡ್ತೀರೇನ್ರಿ?" ಎಂದಳು.

"ಹೂಂ. ನೋವಾಗಲ್ಲ. ಈ ಕಡೆ ಅಷ್ಟೇ."

"ಇಡ್ರಿ. ಅದಕ್ಕೇ ಅಲ್ಲೇನು ಅಷ್ಟು ದೂರದಿಂದ ಬಂದಿರೋದು."

ಬಾಗಿಲ ಬೆಳಕಿಗೆ ಮುಖ ಮಾಡಿಸಿ ಕೂರಿಸಿದಳು. ಸುಂಕಲಮ್ಮನಿಗೆ ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ತೆರೆದಷ್ಟನ್ನೇ ಎರಡೂ ಕೈಯಿಂದ ಗಲ್ಲ ಹಿಡಿದು ನಿಲ್ಲಿಸಿಕೊಂಡಳು. ಹೊಟ್ಟೆಯೊಳಗಿಂದಲೇ ಬಂದಂಥ ವಾಸನೆ ಸ್ನೇಹಾಳ ಮುಖಕ್ಕೆ ಬಡಿಯಿತು. ಇಷ್ಟು ವರ್ಷದಲ್ಲಿ ಯಾವ ರೋಗಿಯ ಮುಂದೆಯೂ ಮುಖ ತಿರುಗಿಸದವಳು ಈಗ ತಿರುಗಿಸಿದಳು, ಹತ್ತಿ ತೆಗೆಯುವವಳಂತೆ. ಸುಂಕಲಮ್ಮನಿಗೆ ತಿಳಿಯಿತು. ಅವಳ ಕಣ್ಣು ತಗ್ಗಿದವು. ಸ್ನೇಹಾ ಕೆಳತುಟಿಯನ್ನು ಬೆರಳಿನಿಂದ ಇಳಿಸಿ, ಮುಂದಿನ ಹಲ್ಲುಗಳ ಸುತ್ತ ಹತ್ತಿ ಒತ್ತಿ ಒರೆಸಿ, ಪಟ್ಟಿಯನ್ನು ಸಂದಿಗೆ ಇಳಿಸಿ ಮನಸ್ಸಿನಲ್ಲೇ ಎಣಿಸಿದಳು. ಪಟ್ಟಿ ನೆನೆಯಿತು. ಟ್ಯೂಬಿಗೆ ಹಾಕಿ ಮುಚ್ಚಿದಳು. ಇನ್ನೊಂದು. ಮತ್ತೊಂದು ಕಡೆಗೆಂದು ಹತ್ತಿಯನ್ನು ಸ್ವಲ್ಪ ಒತ್ತಿದಾಗ ಅವಳ ಬೆರಳ ತುದಿಗೆ ಏನೋ ಬಿಟ್ಟುಕೊಟ್ಟ ಹಾಗಾಯಿತು. ಮಾಗಿದ ಹಣ್ಣು ತೊಟ್ಟು ಬಿಡುವಾಗ ಆಗುವಷ್ಟೇ ಮೆತ್ತಗೆ. ಹತ್ತಿಯನ್ನು ಹೊರಗೆ ತೆಗೆದಳು. ಹತ್ತಿಯ ಜೊತೆ ಹಲ್ಲು ಬಂದಿತ್ತು, ಬೇರು ಸಮೇತ, ಉದ್ದಕ್ಕೆ, ಹಳದಿಯಾಗಿ. ರಕ್ತ ಕೂಡ ಹೆಚ್ಚು ಬರಲಿಲ್ಲ.

ಸುಂಕಲಮ್ಮ ನಾಲಿಗೆಯಿಂದ ಆ ಜಾಗವನ್ನು ತಡವಿದಳು. ಆಮೇಲೆ ಹತ್ತಿಯ ಮೇಲಿದ್ದುದನ್ನು ನೋಡಿದಳು. "ಬಂತಾ?" ಎಂದಳು. ಸ್ನೇಹಾ ಹತ್ತಿಯನ್ನು ಹಾಗೇ ಹಿಡಿದುಕೊಂಡಿದ್ದಳು. ಅದನ್ನು ಕಂಡು ಸುಂಕಲಮ್ಮ ಸಮಾಧಾನ ಹೇಳುವವಳ ಹಾಗೆ, "ಹೋಗ್ಲಿ ಬಿಡ್ರಿ, ಅದು ಹೆಂಗೂ ಅಲ್ಲಾಡ್ತಿತ್ತು. ನಿಮ್ಮದು ಸಿಕ್ತಾ?" ಎಂದು ಕೇಳಿದಳು.

ಸಿಕ್ಕಿತ್ತು. ಟ್ಯೂಬುಗಳು ಡಬ್ಬಿಯಲ್ಲಿದ್ದವು. ಹೂಂ ಎಂದು ಎದ್ದುಬಿಡಬಹುದಿತ್ತು. ಆದರೆ ಆ ಪ್ರಶ್ನೆ ಕೇಳಿದ ಬಾಯಿಯಲ್ಲಿ ಹೊಸದಾಗಿ ಆದ ಸಂದಿಯಿಂದ ಗಾಳಿ ನುಸುಳಿ ಅಕ್ಷರ ಒಂದು ಥರ ಒಡೆದಿತ್ತು, ಹಾಗೆ ಒಡೆದ ಅಕ್ಷರವನ್ನು ಕೇಳಿ ಸ್ನೇಹಾಗೆ ತಡೆದುಕೊಳ್ಳಲು ಆಗಲಿಲ್ಲ.

"ಸುಂಕಲಮ್ಮ, ಇದನ್ನ ಉಗಾದಿ ಹೊತ್ತಿಗೇ ವಾಸಿ ಮಾಡಬಹುದಿತ್ತು."

"ಏನ್ನ?"

"ಕ್ಲೀನ್ ಮಾಡೋದನ್ನ. ನೀವು ಬಂದ ವಾರಾನೇ ಶುರು ಮಾಡಬಹುದಿತ್ತು. ಮಾಡಿದ್ರೆ ಇಷ್ಟಾಗ್ತಿರಲಿಲ್ಲ. ಮಾಡದೆ ಬಿಟ್ರೆ ಏನಾಗತ್ತೆ ಅಂತ ನೋಡೋದಿತ್ತು, ಅದಕ್ಕೆ ಬಿಟ್ವಿ. ನೋವು ಬಂದ್ರೆ ಅವತ್ತೇ ಬರ್ರಿ ಅಂತ ನಾನು ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ."

ಸುಂಕಲಮ್ಮ ಅವಳನ್ನೇ ನೋಡುತ್ತಿದ್ದಳು. "ಮರ್ತಿದ್ರಾ?" ಎಂದಳು ಮೆಲ್ಲಗೆ. ಅವಳೇ ಒಂದು ದಾರಿ ಮಾಡಿಕೊಡುತ್ತಿದ್ದಾಳೆ ಎಂದು ಸ್ನೇಹಾಗೆ ಅನ್ನಿಸಿತು. ಬಸ್ಸಿನಲ್ಲಿ ಆ ಹೆಂಗಸು ಸರಿದು ಜಾಗ ಮಾಡಿಕೊಟ್ಟ ಹಾಗೆ.

"ಇಲ್ಲ. ಹೇಳಿದ್ರೆ ನೀವು ನಡುವೆ ಬಂದುಬಿಡ್ತೀರಿ, ನನ್ನ ಕೆಲಸ ಕೆಡ್ತದೆ ಅಂತ ಹೇಳಲಿಲ್ಲ."

ಸುಂಕಲಮ್ಮ ಇಷ್ಟು ಹೊತ್ತು ಗಲ್ಲಕ್ಕೆ ಕೊಟ್ಟಿದ್ದ ಕೈಗಳನ್ನು ಇಳಿಸಿ ಬಾಯಿ ಮುಚ್ಚಿದಳು. ಬೈಯಲಿ ಎಂದು ಸ್ನೇಹಾ ಕಾದಳು. ಅಳಲಿ, ಎದ್ದು ಹೋಗು ಎನ್ನಲಿ. ಬೈಸಿಕೊಂಡರೆ ಹಗುರಾಗಬಹುದು ಎಂಬ ಆಸೆ ಆ ಹೊತ್ತಿನಲ್ಲೂ ಮನಸ್ಸಿನ ಮೂಲೆಯಲ್ಲಿತ್ತು. ಸುಂಕಲಮ್ಮ ಕೈ ಚಾಚಿ ಹತ್ತಿಯ ಮೇಲಿಂದ ತನ್ನ ಹಲ್ಲನ್ನು ತೆಗೆದುಕೊಂಡಳು, ಮುಷ್ಟಿಯೊಳಗೆ ಇಟ್ಟುಕೊಂಡು ಗೋಡೆಗೆ ಒರಗಿದಳು. ಹೊರಗೆ ದೂರದಲ್ಲಿ ಬೈಕಿನ ಸದ್ದು ಕೇಳಿತು. ಹತ್ತಿರ ಬರುತ್ತಿತ್ತು. ಆಗ ಅವಳು ಮುಂದಕ್ಕೆ ಬಾಗಿ, ಇಷ್ಟು ದಿನ ಇಲ್ಲದ ಗಡಸು ದನಿಯಲ್ಲಿ ಹೇಳಿದಳು:

"ಅವನಿಗೆ ಹೇಳಬ್ಯಾಡ್ರಿ."

"ಸುಂಕಲಮ್ಮ..."

"ಹೇಳಬ್ಯಾಡ್ರಿ ಅಂದೆ. ನಿಮ್ಮ ಸಲುವಾಗಿ ಹೊಟ್ಟ್ಯಾಗ ಹುಟ್ಟಿದ ಮಗನ ಜೊತಿ ಜಗಳ ಮಾಡೀನಿ. ನಿನಗೇನು ಗೊತ್ತಾಗತೈತೆ, ಅವರು ಓದಿದೋರು ಅಂದೀನಿ. ಓಣಿಯೋರ ಮುಂದನೂ ಅಂದೀನಿ. ನನ್ನ ದಡ್ಡಿ ಮಾಡಿ ಹೋಗಬ್ಯಾಡ್ರಿ."

ಮಾರುತಿ ಮಾತ್ರೆಗಳ ಜೊತೆ ಒಂದು ಸೋಡಾ ಬಾಟಲಿಯನ್ನೂ ತಂದಿದ್ದ, ಡಾಕ್ಟರಿಗೆ ಎಂದು. ಸ್ನೇಹಾ ಕುಡಿದಳು. ಕುಡಿಯದೆ ಬೇರೆ ದಾರಿ ಇರಲಿಲ್ಲ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಅವನಿಗೆ ಹೇಳಿ, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬರಲು ತಿಳಿಸಿ, ಡಬ್ಬಿ ಎತ್ತಿಕೊಂಡಳು. ಸುಂಕಲಮ್ಮ ಮಗನಿಗೆ, "ಡಾಕ್ಟ್ರಮ್ಮನ್ನ ಹರಿಹರದ ತನಕ ಬಿಟ್ಟು ಬಾ. ತಪ್ಪಾತು ಅನ್ನು," ಎಂದಳು. ಸ್ನೇಹಾಳ ಕಡೆ ನೋಡಲಿಲ್ಲ.

ಬೈಕಿನ ಹಿಂದೆ ಡಬ್ಬಿಯನ್ನು ತನಗೂ ಅವನಿಗೂ ನಡುವೆ ಇಟ್ಟುಕೊಂಡು ಕೂತಳು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಮಾರುತಿ ಬೈಕು ನಿಲ್ಲಿಸಿ, ಅವಳು ಇಳಿದ ಮೇಲೆ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮೇಡಂ, ಬಾಯಿಗೆ ಬಂದಂಗ ಬೈದಿದ್ದೆ ನಿಮ್ಮನ್ನ. ನೀವು ಅವ್ವನ್ನ ಹುಡುಕ್ಕಂಡು ಮನಿಗೆ ಬರ್ತೀರಿ ಅಂತ ಅನ್ಕಂಡಿರಲಿಲ್ಲ. ತಪ್ಪಾತ್ರಿ," ಎಂದ. ಅವನ ಕಣ್ಣು ನಿಜವಾಗಿಯೂ ತುಂಬಿದ್ದವು. ಸುತ್ತ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಸ್ನೇಹಾ, "ಇರ್ಲಿ ಬಿಡ್ರಿ," ಎಂದಳು. ಅಂದ ಮೇಲೆ, ತಾನು ಅವನನ್ನು ಕ್ಷಮಿಸಿದೆ ಎಂಬುದು ಅವಳಿಗೆ ಗೊತ್ತಾಯಿತು.

ಬಸ್ಸು ದಾವಣಗೆರೆಯ ಕಡೆ ಹೊರಟಾಗ ಐಸ್ ಕರಗಲು ಶುರುವಾಗಿ ಡಬ್ಬಿಯ ತಳ ತೇವವಾಗಿತ್ತು. ಸುಮ್ಮನೆ ಬಿಟ್ಟರೆ ಸಾಕು. ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಟ್ಯೂಬುಗಳಲ್ಲಿದ್ದುದು ಕೆಡುತ್ತದೆ, ತನ್ನ ಪಾಲಿಗೆ ಒಂದು ಶಿಕ್ಷೆ ಆಗುತ್ತದೆ. ಆದರೆ ಹಾಗೆ ಮಾಡಿದರೆ ಸುಂಕಲಮ್ಮ ಆರು ತಿಂಗಳು ಸವೆದದ್ದು ಯಾವುದಕ್ಕೂ ಇಲ್ಲದಂತೆ ಆಗುವುದಿಲ್ಲವೇ? ಅವಳು ಗಲ್ಲ ಹಿಡಿದು ಕೊಟ್ಟದ್ದನ್ನು ಚೆಲ್ಲಲು ತನಗೇನು ಹಕ್ಕಿದೆ? ಈ ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದರಿಂದಲೇ ಅದರ ಬಗ್ಗೆ ಅವಳಿಗೆ ಹೇಸಿಗೆ ಹುಟ್ಟಿತು. ದಾವಣಗೆರೆಯಲ್ಲಿ ಇಳಿದಾಗ ಸಿಟಿ ಬಸ್ಸು ನಿಂತಿತ್ತು. ಅದು ತಡ ಮಾಡುತ್ತದೆಂದು ಆಟೋ ಹತ್ತಿ, "ಸ್ವಲ್ಪ ಜಲ್ದಿ," ಎಂದಳು. ಫ್ರೀಜರಿನ ಬಾಗಿಲು ಮುಚ್ಚಿದ ಮೇಲೆ ಬಕ್ಕೇಶ್ ಸರ್‌ಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು, ತಾನು ಹೇಳದೆ ಬಿಟ್ಟ ಮಾತನ್ನೂ. ಅವರು, "ಅದನ್ನೆಲ್ಲ ಯಾಕೆ ನನಗೆ ಹೇಳ್ತೀಯಮ್ಮ? ಸ್ಯಾಂಪಲ್ ಬಂತಲ್ಲ. ನಾಳೆ ಆ ಪೇಷಂಟ್‌ನ ಚೆನ್ನಾಗಿ ನೋಡ್ಕೊ," ಎಂದು ಇಟ್ಟರು.

ಮಾರನೆಯ ದಿನ ತಾಯಿ ಮಗ ಬಂದರು. ಸ್ನೇಹಾ ಬೆಳಿಗ್ಗೆಯಿಂದಲೇ ಕುರ್ಚಿ, ಸಲಕರಣೆ ಎಲ್ಲ ಸಿದ್ಧ ಮಾಡಿಕೊಂಡು ಕೈಗವಸು ಹಾಕಿಕೊಂಡು ನಿಂತಿದ್ದಳು. ಹೊತ್ತಾದರೂ ಸುಂಕಲಮ್ಮ ಒಳಗೆ ಬರಲಿಲ್ಲ. ಆಮೇಲೆ ಜೂನಿಯರ್ ಸಬಾ ಬಂದು, ಏನು ಹೇಳಬೇಕೋ ತಿಳಿಯದೆ ಮಾಸ್ಕನ್ನು ಎಳೆದುಕೊಳ್ಳುತ್ತ, "ಅಕ್ಕ, ಆ ಭಾನುವಳ್ಳಿ ಅಮ್ಮ ಪಕ್ಕದ ಬಾಗಿಲಿಂದ ಬಂದು ನನ್ನ ಕುರ್ಚಿಯಲ್ಲಿ ಕೂತಿದಾ‍ರೆ. ನಿಮ್ಮ ಹತ್ರ ಕಳಿಸ್ತೀನಿ ಅಂದ್ರೆ ಬ್ಯಾಡ, ನೀವೇ ನೋಡ್ರಿ ಅಂತಾರೆ," ಎಂದಳು. ಸ್ನೇಹಾ, "ನೀನೇ ನೋಡು. ಬಲಗಡೆ ಕೀವಿದೆ, ಜೋಪಾನ," ಎಂದಳು. ಅಡ್ಡಗೋಡೆಯ ಗಾಜಿನಲ್ಲಿ ಸುಂಕಲಮ್ಮ ಕಂಡಳು. ಈ ಸಲ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಒರಗಿ, ಕಾಲು ಚಾಚಿ ಮಲಗಿದ್ದಳು. ಸಬಾಳ ಕೈಗೆ ಬಾಯಿ ಒಪ್ಪಿಸಿ, ಕಣ್ಣನ್ನು ಮೇಲಿನ ದೀಪದಲ್ಲಿ ನೆಟ್ಟಿದ್ದಳು.

ಸ್ನೇಹಾ ಕೈಗವಸು ಬಿಚ್ಚಿ ಹೊರಗೆ ಬಂದಳು. ಕಾರಿಡಾರಿನ ಬೆಂಚಿನ ಮೇಲೆ ಅವ್ವನ ಚಪ್ಪಲಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಮಾರುತಿ ಅವಳನ್ನು ಕಂಡು ಗಡಬಡಿಸಿ ಎದ್ದ.

"ಏನ್ ಮೇಡಂ, ಹೊರಗ ಬಂದ್ರಿ? ಅವ್ವನ್ನ ನೀವೇ ನೋಡ್ತಿದೀರಲ್ಲ?"

"ಹೂಂ," ಎಂದಳು ಸ್ನೇಹಾ, "ನಾನೇ ನೋಡ್ತಿದೀನಿ." ಅವನು ಮತ್ತೆ ಕೂತುಕೊಳ್ಳಲಿ ಎಂದು ನಿಂತು ನೋಡಿ, ತಿರುಗಿ ಒಳಗೆ ಹೋದಳು.